ಈಗಷ್ಟೇ ಹೋದರು

ರಾಜರ ಕಾಲ ಮುಗಿದು ಮಂತ್ರಿಗಳ ಕಾಲ ಬಂದ ಮೇಲೆ, ಒಂದೂರಿನಲ್ಲಿ ಒಬ್ಬ ಮೇಷ್ಟ್ರಿದ್ದರು. ಎಲ್ಲಿದ್ದರು ಅಂದರೆ, ನೀವು ಹೋಗುವ ತನಕ ಅಲ್ಲೇ ಇದ್ದರು. ನೀವು ಹೋದಿರೋ, ಇಲ್ಲ. ಏಳು ಸಮುದ್ರ ದಾಟಿ ರಕ್ಕಸನ ಪ್ರಾಣವಿದ್ದ ಗಿಳಿಯನ್ನು ಹಿಡಿದು ತಂದವರ ಕಥೆ ಎಲ್ಲ ಅಜ್ಜಿಯರಿಗೂ ಗೊತ್ತು. ನಾಲ್ಕು ಬೀದಿ ದಾಟಿ ಒಬ್ಬ ಡ್ರಾಯಿಂಗ್ ಮೇಷ್ಟ್ರ ಕೈಗೆ ಒಂದು ಸಮನ್ಸ್ ಕೊಡಲಾಗದೆ ಬಸವಳಿದ ಹೆಂಗಸಿನ ಕಥೆಯನ್ನು ಮಾತ್ರ ಯಾವ ಅಜ್ಜಿಯೂ ಹೇಳಿರಲಿಲ್ಲ.

ಆ ಹೆಂಗಸು ಈಗ ಒಂದು ಬಾಡಿಗೆ ಕೋಣೆಯ ನಡುವೆ ನಿಂತು, ಕಿಟಕಿಯ ಮೇಲಿದ್ದ ಚಹಾ ಲೋಟವನ್ನು ಮುಟ್ಟಿ ನೋಡುತ್ತಿದ್ದಳು.

ಲೋಟ ಬೆಚ್ಚಗಿತ್ತು.

"ಈಗಷ್ಟೇ ಹೋದರು," ಅಂದಳು ಬಾಗಿಲಿಗೆ ಒರಗಿ ನಿಂತಿದ್ದ ಮನೆಯೊಡತಿ.

"ಗೊತ್ತಾಯ್ತು."

"ಒಂದು ಐದು ನಿಮಿಷ ಮುಂಚೆ ಬಂದಿದ್ದರೆ ಸಿಗೋರು."

"ಅದೂ ಗೊತ್ತಾಯ್ತು ತಾಯಿ. ಹೋದ ಕಡೆಯಲ್ಲೆಲ್ಲ ಅದನ್ನೇ ಹೇಳ್ತಾರೆ."

ಮನೆಯೊಡತಿ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ನೀವು ಅವರ ಹೆಂಡತಿನಾ?"

"ಅಲ್ಲ."

"ಮತ್ತೆ ಯಾಕೆ ಇಷ್ಟು ಸಿಟ್ಟು?"

ಊರು ಅವಳನ್ನು ಸಮನ್ಸಕ್ಕ ಎಂದು ಕರೆಯುತ್ತಿತ್ತು. ಬಹಳ ವರ್ಷ ಕೋರ್ಟಿನ ಸಮನ್ಸುಗಳನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಮಾಡಿ, ಆಮೇಲೆ ಅದನ್ನು ಬಿಟ್ಟು ಸ್ವಂತ ಪತ್ತೇದಾರಿಕೆಗೆ ಇಳಿದವಳು. ಗೋಡೆ ಹಾರಿದವರನ್ನು ಹಿಡಿದಿದ್ದಳು. ಮಂಚದ ಕೆಳಗೆ ಮಲಗಿ ತನ್ನದೇ ಸಾವಿನ ಸುದ್ದಿಯನ್ನು ಹೆಂಡತಿಯ ಬಾಯಿಂದ ಹೇಳಿಸಿದವನ ಕಾಲು ಹಿಡಿದೆಳೆದು ಸಮನ್ಸ್ ಕೊಟ್ಟಿದ್ದಳು. ಅಂಥವಳಿಗೆ ಬೆನ್ನು ಬಗ್ಗಿಸಲಾಗದ ಒಬ್ಬ ಮೇಷ್ಟ್ರು ತಿಂಗಳುಗಟ್ಟಲೆ ಚಳ್ಳೆಹಣ್ಣು ತಿನ್ನಿಸುತ್ತಿದ್ದರು.

ವಿಷಯ ಇಷ್ಟೇ: ನಗರಸಭೆ ಚುನಾವಣೆಯಲ್ಲಿ ಅವಳ ಅತ್ತಿಗೆ ಕೂದಲೆಳೆಯಲ್ಲಿ ಸೋತಿದ್ದಳು, ಸಂಜೆ ಮತಪೆಟ್ಟಿಗೆಗೆ ಬಿದ್ದದ್ದು ಕೆಂಪು ಅರಗಿನ ಮೊಹರು, ಎಣಿಕೆಯ ದಿನ ಪೆಟ್ಟಿಗೆಯ ಮೇಲಿದ್ದದ್ದು ಕಂದು ಅರಗು, ನಡುವೆ ಏನಾಯಿತೆಂದು ಹೇಳಬಲ್ಲವರು ಆ ಮತಗಟ್ಟೆಯ ಅಧಿಕಾರಿಯಾಗಿದ್ದ ಈ ಮೇಷ್ಟ್ರೊಬ್ಬರೇ.

ನ್ಯಾಯಾಧೀಶರಿಗೂ ಸಾಕಾಗಿ ಹೋಗಿತ್ತು. ಸಮನ್ಸನ್ನು ಬಾಗಿಲಿಗೆ ಅಂಟಿಸಿ ಬರುತ್ತೇವೆಂದು ವಕೀಲರು ಕೇಳಿಕೊಂಡಾಗ, "ಬಾಗಿಲು ಸಾಕ್ಷಿ ಹೇಳುತ್ತದೆಯೇ?" ಎಂದು ಗದರಿದ್ದರು. ಇಂದು ಮಧ್ಯಾಹ್ನದ ಕಲಾಪದೊಳಗೆ ಸಮನ್ಸ್ ಮೇಷ್ಟ್ರ ಕೈ ಸೇರಬೇಕು. ಇಲ್ಲದಿದ್ದರೆ ಸಾಕ್ಷ್ಯ ಮುಗಿಯಿತು, ಮೊಕದ್ದಮೆಯೂ ಮುಗಿಯಿತು.

ಸಮನ್ಸಕ್ಕ ಕೋಣೆಯಲ್ಲಿ ಕಣ್ಣಾಡಿಸಿದಳು. ಮಡಿಚಿಟ್ಟ ಹೊದಿಕೆ. ಚೂಪು ಮಾಡಿದ ಪೆನ್ಸಿಲ್ಲಿನ ಸಿಪ್ಪೆ. ಒಂದು ಹಳೆಯ ಪತ್ರಿಕೆಯ ಅಂಚಿನಲ್ಲಿ ಯಾರದೋ ಮೂಗಿನ ಚಿತ್ರ. ಅದು ತನ್ನದೇ ಮೂಗು ಎಂದು ಅವಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಇದನ್ನ ಯಾವಾಗ ಬರೆದರು?"

"ನೀವು ತಿರುವಿನಲ್ಲಿ ಬರೋದನ್ನ ಮೊನ್ನೆ ಕಿಟಕಿಯಿಂದ ನೋಡಿದರಂತೆ. ಒಳ್ಳೆ ಮೂಗು, ಹಟದ ಮೂಗು ಅಂದರು."

ಇನ್ನೊಬ್ಬಳಾಗಿದ್ದರೆ ನಗುತ್ತಿದ್ದಳೋ ಏನೋ. ಇವಳಿಗೆ ಅಳು ಬಂತು. ಹತ್ತಿರವಿದ್ದ ಕುರ್ಚಿಯನ್ನು ಎಳೆದು ಧೊಪ್ಪನೆ ಕೂತಳು.

ಹಟ ಹಿಡಿದದ್ದು ತನಗಾಗಿ ಅಲ್ಲ, ಅತ್ತಿಗೆಗಾಗಿ. ಸೋತ ದಿನ ಅತ್ತಿಗೆ ಊರಿನ ಮೇಲೆ ಹರಿಹಾಯಲಿಲ್ಲ, ಕಣ್ಣೀರೂ ಹಾಕಲಿಲ್ಲ. ಹೆರಿಗೆ ಆಸ್ಪತ್ರೆಯ ದಾದಿ ಅವಳು. ಅರ್ಧ ಊರನ್ನು ಮೊದಲು ಕೈಗೆತ್ತಿಕೊಂಡವಳು. ನಾದಿನಿಯನ್ನು ಅಡಿಗೆಮನೆಗೆ ಕರೆದು ಒಂದೇ ಮಾತು ಹೇಳಿದ್ದಳು: "ಈ ಊರು ನನ್ನನ್ನ ಬೇಡ ಅಂದಿತೋ, ಇಲ್ಲಾ ಯಾರಾದರೂ ಕದ್ದರೋ, ಎರಡರಲ್ಲಿ ಒಂದು ನನಗೆ ಗೊತ್ತಾಗಬೇಕು. ಯಾವುದಾದರೂ ಸರಿ, ತಡ್ಕೋತೀನಿ. ಗೊತ್ತಿಲ್ಲದೇ ಇರೋದನ್ನ ತಡ್ಕೊಳೋಕಾಗಲ್ಲ." ಆಗ ಸಮನ್ಸಕ್ಕ ಮಾತು ಕೊಟ್ಟಿದ್ದಳು. ನನ್ನ ಕೈಯಾರೆ ಮೇಷ್ಟ್ರ ಕೈಗೆ ಸಮನ್ಸ್ ಕೊಡ್ತೀನಿ ಅತ್ತಿಗೆ, ಅಂತ.

ಕೊಟ್ಟ ಮಾತು ಕೊರಳಿಗೆ ಕಟ್ಟಿದ ಗುಂಡುಕಲ್ಲಾಗಿತ್ತು.

ಯಾರನ್ನು ಅನುಮಾನಿಸಲಿಲ್ಲ ಅವಳು? ಗೆದ್ದ ಕಂಟ್ರಾಕ್ಟರನ ಕಡೆಯವರನ್ನು ಮೊದಲು. ಅವರು ಮೇಷ್ಟ್ರನ್ನು ತಾವೂ ಹುಡುಕುತ್ತಿದ್ದರು, ಪಾಪ, ಅವಳಷ್ಟೇ ದಡ್ಡರಾಗಿ. ಆಮೇಲೆ ವಕೀಲರ ಗುಮಾಸ್ತ. ಅವನಿಗೆ ಒಂದು ವಾರ ಏನನ್ನೂ ಹೇಳದೆ ನೋಡಿದಳು. ಆ ವಾರವೂ ಲೋಟ ಬೆಚ್ಚಗೇ ಇತ್ತು. ಎಲ್ಲೋ ಒಂದು ತೂತಿತ್ತು. ಆ ತೂತು ಎಲ್ಲಿ?

ಯೋಚಿಸುತ್ತ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಬೆರಳುಗಳು ಸೀಟಿನ ಕೆಳಗೆ ಒರಟಾದ ಮರವನ್ನು ಸವರುತ್ತಿದ್ದವು. ಸವರುತ್ತ ಸವರುತ್ತ ಒಂದು ಕಡೆ ನಿಂತವು.

ಅಲ್ಲೊಂದು ಗೀರು. ಪಕ್ಕದಲ್ಲಿ ಇನ್ನೊಂದು. ಅವೆರಡನ್ನೂ ಅಡ್ಡ ಕತ್ತರಿಸಿದ ಮೂರನೆಯದು.

ಅವಳ ಬೆರಳಿಗೆ ಅದು ಮೊದಲು ಗೊತ್ತಾಯಿತು, ತಲೆಗೆ ಆಮೇಲೆ. ಲಂಗ ಉಡುವ ವಯಸ್ಸಿನಲ್ಲಿ, ಕುರ್ಚಿಗಳನ್ನು ತಲೆಕೆಳಗು ಮಾಡಿ, ಚಾಕು ಹಿಡಿದು, ನಾಲಿಗೆಯ ತುದಿ ಕಚ್ಚಿಕೊಂಡು ಆ ಗೀರುಗಳನ್ನು ಎಳೆದವಳು ಅವಳೇ. ಮನೆಯವರದು ಮದುವೆ, ಸಭೆಗಳಿಗೆ ಕುರ್ಚಿ ಬಾಡಿಗೆಗೆ ಕೊಡುವ ಕಸುಬು; ಬಾಡಿಗೆಗೆ ಹೋದ ಕುರ್ಚಿ ಬೇರೆಯವರ ಕುರ್ಚಿಯ ಜೊತೆ ಬೆರೆಯಬಾರದೆಂದು ಅಣ್ಣ, ಅತ್ತಿಗೆಯ ಗಂಡ, ಹೇಳಿಕೊಟ್ಟ ಗುರುತು.

ಅವಳು ಎದ್ದು ಕುರ್ಚಿಯನ್ನು ಬೋರಲು ಹಾಕಿದಳು.

"ಈ ಕುರ್ಚಿ ನಿಮ್ಮದಾ?"

"ನಮ್ಮದೆಲ್ಲಿ ಬಂತು! ಅವರ ಜೊತೆ ಬಂದಿದ್ದು. ಬೆನ್ನು ನೋವಂತೆ, ನೆಟ್ಟಗಿರೋ ಕುರ್ಚಿಯೇ ಬೇಕಂತೆ. ಹಾಸಿಗೆ ಬರೋ ಮುಂಚೆ ಕುರ್ಚಿ ಬಂತು."

"ತಂದವರು ಯಾರು?"

"ಮುಖ ನೋಡಲಿಲ್ಲ. ಕುರ್ಚಿ ತಲೆ ಮೇಲೆ ಹೊತ್ಕೊಂಡಿದ್ದರೆ ಮುಖ ಎಲ್ಲಿ ಕಾಣುತ್ತೆ?"

ಮೇಷ್ಟ್ರು ಮೊದಲು ತಂಗಿದ್ದ ಲಾಡ್ಜಿನ ಹಿಂದಿನ ಕೋಣೆಯಲ್ಲೂ ಒಂದು ನೆಟ್ಟನೆಯ ಕುರ್ಚಿ ಇತ್ತು. ಟೈಲರ್ ಅಂಗಡಿಯ ಮಾಳಿಗೆಯಲ್ಲೂ. ಅವಳು ಪೆನ್ಸಿಲ್ ಸಿಪ್ಪೆ ಹೆಕ್ಕಿದ್ದಳು, ಲೋಟದ ಬಿಸಿ ನೋಡಿದ್ದಳು, ಕುರ್ಚಿಯನ್ನು ಮಾತ್ರ ನೋಡಿರಲಿಲ್ಲ. ಹುಟ್ಟಿದಾಗಿನಿಂದ ಕೂತ ಕುರ್ಚಿ ಕಣ್ಣಿಗೆ ಬೀಳುವುದಾದರೂ ಹೇಗೆ?

ಅದರ ಹಿಂದೆಯೇ ಅವಳ ತಲೆಯಲ್ಲಿ ಇನ್ನೊಂದು ಬಾಗಿಲೂ ತೆರೆದುಕೊಂಡಿತು.

ಸಮನ್ಸ್ ಮುಟ್ಟಿಸುವವರಲ್ಲಿ ಒಂದು ಪದ್ಧತಿ ಉಂಟು. ಹೊರಡುವ ಮುಂಚೆ ಎಲ್ಲಿಗೆ ಹೋಗುತ್ತೇನೆಂದು ಮನೆಯಲ್ಲಿ ಒಬ್ಬರಿಗೆ ಹೇಳಿಯೇ ಹೊರಡಬೇಕು. ಕೆಲಸ ಅಂಥದ್ದು, ನಾಯಿ ಬಿಡುತ್ತಾರೆ, ಕೋಣೆಗೆ ತಳ್ಳಿ ಚಿಲಕ ಹಾಕುತ್ತಾರೆ. ಒಮ್ಮೆ ಒಬ್ಬ ಎಮ್ಮೆ ವ್ಯಾಪಾರಿ ಅವಳನ್ನು ಕೊಟ್ಟಿಗೆಯಲ್ಲಿ ಕೂಡಿಹಾಕಿದಾಗ, ಬಾಗಿಲು ಮುರಿದು ಬಿಡಿಸಿಕೊಂಡು ಬಂದವನು ಅಣ್ಣ. ಅಂದಿನಿಂದ ಅವನಿಗೆ ಹೇಳದೆ ಅವಳು ಹೊಸ್ತಿಲು ದಾಟಿರಲಿಲ್ಲ. "ಅಣ್ಣಾ, ಇವತ್ತು ಲಾಡ್ಜಿಗೆ." "ಅಣ್ಣಾ, ಇವತ್ತು ಟೈಲರ್ ಮಾಳಿಗೆಗೆ." ಅವನು ಕುರ್ಚಿಗಳಿಗೆ ಹಗ್ಗ ಬಿಗಿಯುತ್ತ, "ಹುಷಾರು ಪುಟ್ಟಿ," ಅನ್ನುತ್ತಿದ್ದ.

ಇವತ್ತು ಬೆಳಿಗ್ಗೆಯೂ ಅಂದಿದ್ದ.

ಅವಳು ಬೀದಿಗಿಳಿದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಇಷ್ಟು ದಿನ ತಾನು ಎಲ್ಲಿಗೆ ಹೋಗುತ್ತೇನೆಂದಳೋ ಅಲ್ಲಿಂದ ಮೇಷ್ಟ್ರು ಎದ್ದು ಹೋಗಿದ್ದರು. ಹಾಗಾದರೆ ಊರಿನಲ್ಲಿ ಅವರಿಗೆ ಭಯವಿಲ್ಲದ ಜಾಗ ಒಂದೇ. ಅವಳು ಎಂದೂ ಹುಡುಕದ, ಹುಡುಕುತ್ತೇನೆಂದು ಕನಸಿನಲ್ಲೂ ಹೇಳದ ಜಾಗ.

ಮೊದಲ ಸಲ ಯಾರಿಗೂ ಹೇಳದೆ ಅವಳು ಅಣ್ಣನ ಗೋದಾಮಿಗೆ ನಡೆದಳು.

ಗೋದಾಮಿನ ಹಿಂಬಾಗಿಲಿನ ಚಿಲಕವನ್ನು ಹೊರಗಿನಿಂದ ಒಂದು ಕಡ್ಡಿ ಹಾಕಿ ಎತ್ತಬಹುದೆಂದು ಮನೆಯ ಮಕ್ಕಳಿಗೆಲ್ಲ ಗೊತ್ತು. ಒಳಗೆ ಕುರ್ಚಿಗಳ ಗೋಪುರಗಳು. ಒಂದರ ಮೇಲೊಂದು, ಮಾಡು ಮುಟ್ಟುವಷ್ಟು. ಚುನಾವಣೆ ಬಂದಾಗ ಅಣ್ಣ ಅದೇ ಹಳೇ ಹಾಸ್ಯ ಮಾಡುತ್ತಿದ್ದ: ಊರಿನವರೆಲ್ಲ ಒಂದು ಕುರ್ಚಿಗೆ ಬಡಿದಾಡ್ತಾರೆ, ನನ್ನ ಹತ್ತಿರ ಬಂದು ಕೇಳಿದರೆ ದಿನದ ಬಾಡಿಗೆಗೆ ಕೊಡ್ತೀನಿ.

ಗೋಪುರಗಳ ನಡುವೆ, ಮಡಚಿದ ಪರದೆಗಳ ಹಿಂದೆ, ಒಂದು ನೆಟ್ಟನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಮೇಷ್ಟ್ರು ಪೆನ್ಸಿಲ್ ಚೂಪು ಮಾಡುತ್ತಿದ್ದರು.

ತಲೆ ಎತ್ತಿ ನೋಡಿದರು. ಓಡಲಿಲ್ಲ. ಓಡುವ ಬೆನ್ನಲ್ಲ ಅದು.

"ಬಂದಿರಾ," ಅಂದರು, ತಡವಾಗಿ ಬಂದ ಬಸ್ಸಿಗೆ ಅನ್ನುವ ಹಾಗೆ.

"ಬಂದೆ ಮೇಷ್ಟ್ರೇ. ಕೂತೇ ಇರಿ. ದಯವಿಟ್ಟು ಒಂದು ಸಲ ಕೂತೇ ಇರಿ."

ಅವಳು ಚೀಲದಿಂದ ಸಮನ್ಸ್ ತೆಗೆದಳು. ತಿಂಗಳುಗಟ್ಟಲೆ ತಿರುಗಿ ಅದರ ಮಡಿಕೆಗಳು ಬಟ್ಟೆಯ ಹಾಗೆ ಮೆತ್ತಗಾಗಿದ್ದವು. ಚಾಚುವಷ್ಟರಲ್ಲಿ ಮೇಷ್ಟ್ರು ಕೈ ಹಿಂದೆಗೆದುಕೊಂಡರು.

"ಕೊಡೋ ಮುಂಚೆ ಒಂದು ಯೋಚನೆ ಮಾಡಿ. ನನ್ನನ್ನ ಬಚ್ಚಿಟ್ಟವರು ಯಾರು ಅಂತ ಗೊತ್ತಾಗಿದೆ ತಾನೆ?"

"ಗೊತ್ತಾಗಿದೆ."

"ಯಾಕೆ ಅಂತ?"

ಅದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗದಿರಲಿ ಎಂದು ದಾರಿಯುದ್ದಕ್ಕೂ ಬೀಸುಗಾಲು ಹಾಕಿ ಬಂದಿದ್ದಳು.

ಆಗ ಮುಂಬಾಗಿಲು ಕಿರುಗುಟ್ಟಿತು. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ಬಿಸಿನೀರಿನ ಚೀಲ ಹಿಡಿದು, "ಮೇಷ್ಟ್ರೇ, ಬೆನ್ನು ಹೇಗಿದೆ?" ಎನ್ನುತ್ತ ಅಣ್ಣ ಒಳಗೆ ಬಂದ. ತಂಗಿಯನ್ನು ಕಂಡು ನಿಂತ. ಬಿಸಿನೀರಿನ ಚೀಲ ಅವನ ಕೈಯಲ್ಲಿ ಬೆಕ್ಕಿನಮರಿಯ ಹಾಗೆ ಜೋತಾಡಿತು.

"ಪುಟ್ಟಿ, ನೀನು ಬಾಡಿಗೆ ಕೋಣೆಗೆ ಹೋಗ್ತೀನಿ ಅಂದೆ."

"ಹೋಗಿದ್ದೆ. ಅಲ್ಲಿ ನಿನ್ನ ಕುರ್ಚಿ ಇತ್ತು."

"ಕೂತಿದ್ದೆಯಾ?"

"ಕೂತಿದ್ದೆ ಅಣ್ಣಾ! ಕೂತಿದ್ದಕ್ಕೇ ಗೊತ್ತಾಯ್ತು! ಇಷ್ಟು ದಿನ ನಾಯಿ ಹಾಗೆ ಬೀದಿ ಬೀದಿ ಅಲೆದೆನಲ್ಲ, ದಿನಾ ಸಂಜೆ ಕಾಲಿಗೆ ಎಣ್ಣೆ ತಿಕ್ಕೊಂಡು ಬೈದ್ಕೋತಿದ್ದೆನಲ್ಲ, ನೀನು ಎದುರಿಗೆ ಕೂತು 'ಅಯ್ಯೋ ಪಾಪ, ನಾಳೆ ಸಿಗ್ತಾರೆ ಬಿಡು' ಅಂತಿದ್ದೆ. ಬಾಯಿ ಹೇಗೆ ಬಂತು ನಿನಗೆ?"

ಅಣ್ಣ ಡಬ್ಬಿಯನ್ನು ನೆಲದ ಮೇಲಿಟ್ಟ. ನಿಧಾನವಾಗಿ, ಅದರೊಳಗೆ ಏನೋ ಮಲಗಿದೆ ಅನ್ನುವ ಹಾಗೆ.

"ಆವತ್ತು ಸಂಜೆ," ಅಂದ, "ಮತಗಟ್ಟೆಗೆ ಕೊಟ್ಟಿದ್ದ ಮೇಜು ಕುರ್ಚಿ ವಾಪಸ್ ತರೋಕೆ ಹೋಗಿದ್ದೆ. ಪೆಟ್ಟಿಗೆ ತಗೊಂಡು ಹೋಗೋ ಗಾಡಿ ಇನ್ನೂ ಬಂದಿರಲಿಲ್ಲ. ಏಜೆಂಟರೆಲ್ಲ ಮೊಹರು ಬಿದ್ದಿದ್ದೇ ಮನೆಗೆ ಹೋಗಿದ್ದರು. ಮೇಷ್ಟ್ರು ಒಬ್ಬರೇ ಇದ್ದರು. ಬೀದೀಲಿ ಎಲ್ಲರೂ ನಿನ್ನ ಅತ್ತಿಗೆ ಸೋಲ್ತಾಳೆ ಅಂತಿದ್ದರು..."

"ಅಣ್ಣಾ, ಬೇಡ. ಹೇಳಬೇಡ."

"ಓಟು ಹಾಕೋಕೆ ಬರದೇ ಹೋದವರ ಮತಪತ್ರ ಉಳಿದಿತ್ತು. ಪೆಟ್ಟಿಗೆ ಮೊಹರು ಒಡೆದು, ಅವಳ ಗುರುತಿಗೆ ಮುದ್ರೆ ಒತ್ತಿ ಒಳಗೆ ಹಾಕಿದೆ."

ಗೋದಾಮಿನಲ್ಲಿ ಎಲ್ಲೋ ಒಂದು ಕುರ್ಚಿ ತನ್ನಷ್ಟಕ್ಕೆ ಲಟಕ್ಕೆಂದಿತು.

"ನೀವು ನೋಡ್ತಾ ಕೂತಿದ್ದಿರಾ?" ಅವಳು ಮೇಷ್ಟ್ರ ಕಡೆ ತಿರುಗಿದಳು.

"ನನ್ನ ಮಗಳು ಉಸಿರಿಲ್ಲದೆ ಹುಟ್ಟಿದಳು. ನಿಮ್ಮ ಅತ್ತಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟರು. ಈಗ ಅವಳು ಎಂಟನೇ ಕ್ಲಾಸು." ಮೇಷ್ಟ್ರು ಪೆನ್ಸಿಲ್ಲನ್ನು ತಿರುಗಿಸಿದರು. "ಅವರ ಗಂಡ ಬಂದು ಕೈ ಮುಗಿದರೆ ಏನು ಹೇಳಲಿ? ಗೋಡೆ ಕಡೆ ತಿರುಗಿ ಕೂತೆ. ಆಮೇಲೆ ಮೊಹರನ್ನ ನಾನೇ ಒತ್ತಿಕೊಟ್ಟೆ."

"ಹಾಕಿದ್ದೂ ಸಾಲಲಿಲ್ಲ," ಅಂದ ಅಣ್ಣ. ಅವನಿಗೆ ನಗು ಬಂತು, ನೋಡಲಾಗದಂಥ ನಗು. "ಅಷ್ಟು ಮಾಡಿದರೂ ಸೋತಳು. ಆಮೇಲೆ ಕೋರ್ಟಿಗೆ ಹೋಗ್ತೀನಿ ಅಂದಳು. ಬೇಡ ಅನ್ನೋಕೆ ನನ್ನ ಹತ್ತಿರ ಒಂದೇ ಕಾರಣ ಇತ್ತು. ಅದನ್ನ ಹೇಳೋ ಹಾಗಿರಲಿಲ್ಲ."

ಸಮನ್ಸಕ್ಕನಿಗೆ ಯಾರನ್ನಾದರೂ ಹೊಡೆಯಬೇಕೆನಿಸಿತು. ಯಾರನ್ನೆಂದು ತಿಳಿಯದೆ ಹತ್ತಿರದ ಕುರ್ಚಿಗೋಪುರಕ್ಕೆ ಒಂದು ಗುದ್ದು ಗುದ್ದಿದಳು. ಗೋಪುರ ಅಲುಗಿತು, ಬೀಳಲಿಲ್ಲ. ಅಣ್ಣ ಕಟ್ಟಿದ ಹಗ್ಗ.

"ಈಗ ಕೊಟ್ಟರೆ ನಾನು ಒಳಗೆ ಹೋಗ್ತೀನಿ ಪುಟ್ಟಿ," ಅಂದ ಅವನು. "ಹೋಗಲಿ, ಹೋಗ್ತೀನಿ. ಆದರೆ ಅವಳ ಮುಖ? ಊರಿಗೆ ಊರೇ ದಾದಿ ಕಳ್ಳಿ ಅನ್ನುತ್ತೆ. ಕೊಡದಿದ್ದರೆ ಏನಾಗುತ್ತೆ ಹೇಳು? ಇವತ್ತು ಕೇಸು ಬಿದ್ದು ಹೋಗುತ್ತೆ, ಅಷ್ಟೇ. ನಾಲ್ಕು ದಿನ ಅಳ್ತಾಳೆ. ಆಮೇಲೆ ಆಸ್ಪತ್ರೆಗೆ ಹೋಗ್ತಾಳೆ."

ಮಾತಿನಲ್ಲಿ ತಪ್ಪಿರಲಿಲ್ಲ. ಅದನ್ನೇ ಅವಳಿಗೆ ಸಹಿಸಲಾಗಲಿಲ್ಲ. ಒಂದು ಹಾಳೆಯನ್ನು ಚೀಲಕ್ಕೆ ವಾಪಸ್ ಹಾಕಿ, ಸಿಗಲಿಲ್ಲ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಇಷ್ಟು ದಿನ ನಿಜವಾಗಿಯೇ ಹೇಳಿದ್ದನ್ನು ಇವತ್ತು ಸುಳ್ಳಾಗಿ ಹೇಳಬೇಕು, ಅಷ್ಟೇ ವ್ಯತ್ಯಾಸ.

ಅವಳ ಕೈ ಚೀಲದ ಬಾಯಿಯವರೆಗೆ ಹೋಯಿತು. ಹೋಗಿ ನಿಂತಿತು. ಪತ್ತೇದಾರಿಕೆ ಕೆಟ್ಟ ಚಟ. ಅಳುವ ಹೊತ್ತಿನಲ್ಲೂ ಲೆಕ್ಕ ತಪ್ಪಿದ್ದು ಕಾಣುತ್ತದೆ.

"ಅಣ್ಣಾ, ನೀನು ಒಡೆದ ಮೇಲೆ ಮತ್ತೆ ಯಾವ ಅರಗು ಹಾಕಿದೆ?"

"ಯಾವುದು ಅಂದರೆ? ಅಲ್ಲೇ ಇದ್ದಿದ್ದು."

"ಬಣ್ಣ?"

"ಕೆಂಪು."

"ಎಣಿಕೆ ದಿನ ಇದ್ದಿದ್ದು ಕಂದು. ಕೋರ್ಟಿಗೆ ಕೊಟ್ಟ ಫೋಟೋ ನೋಡಿದ್ದೀಯಲ್ಲ?"

"ಅವಸರದಲ್ಲಿ ಸೀದು ಹೋಗಿರಬೇಕು ಅಂದ್ಕೊಂಡಿದ್ದೆ..."

"ಸೀದಿರಲಿಲ್ಲ," ಅಂದರು ಮೇಷ್ಟ್ರು. ಡ್ರಾಯಿಂಗ್ ಮೇಷ್ಟ್ರಿಗೆ ಬಣ್ಣದ ವಿಷಯದಲ್ಲಿ ಸುಳ್ಳು ಹೇಳಲು ಬರಲಿಲ್ಲವೋ, ಇಷ್ಟು ದಿನ ಬಾಯಿ ಕಟ್ಟಿಕೊಂಡು ಸಾಕಾಗಿತ್ತೋ. "ನಿಮ್ಮದು ಕೆಂಪಗೇ ಇತ್ತು. ನೀವು ಹೋದ ಮೇಲೆ ಇನ್ನೊಬ್ಬರು ಬಂದರು."

ಅಣ್ಣನ ಕೈಯಿಂದ ಬಿಸಿನೀರಿನ ಚೀಲ ಜಾರಿ ನೆಲಕ್ಕೆ ಬಿತ್ತು.

"ಇನ್ನೊಬ್ಬರು ಅಂದರೆ? ಇದನ್ನ ನನಗೆ ಹೇಳಲೇ ಇಲ್ಲವಲ್ಲ ಮೇಷ್ಟ್ರೇ! ಇಷ್ಟು ತಿಂಗಳು ನಿಮಗೆ ಊಟ ತಂದು ಹಾಕಿದೆ!"

"ನೀವು ಕೇಳಲಿಲ್ಲ. ನೀವು ನಿಮ್ಮ ತಪ್ಪನ್ನೇ ಹೊತ್ಕೊಂಡು ತಿರುಗ್ತಿದ್ದಿರಿ."

"ಅವರೂ ಪೆಟ್ಟಿಗೆ ತೆಗೆದರಾ?" ಸಮನ್ಸಕ್ಕ ಕೇಳಿದಳು.

"ತೆಗೆದರು. ಅರಗನ್ನ ಅವರೇ ತಂದಿದ್ದರು. ಹಾಕಿದರೋ, ತೆಗೆದರೋ, ಅದನ್ನೂ ನೋಡಿದ್ದೀನಿ."

"ಯಾರು?"

"ಇಲ್ಲಿ ಹೇಳಲ್ಲ." ಮೇಷ್ಟ್ರ ದನಿ ಗಟ್ಟಿಯಾಗಿತ್ತು. "ಬೀದೀಲಿ ಹೇಳಿದರೆ ಅದು ಚಾಡಿ. ಕಟಕಟೆಯಲ್ಲಿ ಕೇಳಿದರೆ ಹೇಳ್ತೀನಿ. ಆದರೆ ಹತ್ತಿದ ಮೇಲೆ ಅರ್ಧ ಹೇಳಿ ಇಳಿಯೋಕೆ ನನಗೆ ಬರಲ್ಲ. ನಿಮ್ಮ ಅಣ್ಣನ ಹೆಸರೂ ಬರುತ್ತೆ, ನನ್ನದೂ ಬರುತ್ತೆ, ಆಮೇಲೆ ಬಂದವರದ್ದೂ ಬರುತ್ತೆ. ಬೇಕಾ ಹೇಳಿ."

ಆಗ ಅವಳ ಫೋನು ಹೊಡೆದುಕೊಂಡಿತು. ಅತ್ತಿಗೆ.

ಮೂವರೂ ಅದನ್ನೇ ನೋಡಿದರು. ಅಣ್ಣ ತಲೆ ಅಲ್ಲಾಡಿಸಿದ, ಬೇಡ ಎಂದು. ಅವಳು ಎತ್ತಿ ಕಿವಿಗಿಟ್ಟುಕೊಂಡಳು.

"ನ್ಯಾಯಾಧೀಶರು ಬಂದು ಕೂತರು," ಅಂದಳು ಅತ್ತಿಗೆ. ಹಿಂದೆ ಕೋರ್ಟಿನ ಗಿಜಿಗಿಜಿ. "ನಮ್ಮದು ಮೂರನೇದಂತೆ. ವಕೀಲರು ಆಗಲೇ ಗಂಟು ಕಟ್ಟೋಕೆ ಶುರು ಮಾಡಿದಾರೆ. ನೀನು ಊಟ ಮಾಡಿದೆಯೇನೇ?"

ಬೈಯಬಾರದಿತ್ತೇ ಈಕೆ? ಇನ್ನೂ ಸಿಗಲಿಲ್ಲವಾ ಎಂದು ಒಂದು ಸಲ ರೇಗಬಾರದಿತ್ತೇ? ರೇಗಿದ್ದರೆ ಸುಳ್ಳು ಹೇಳುವುದು ಸುಲಭವಾಗುತ್ತಿತ್ತು.

"ಅತ್ತಿಗೆ, ಆವತ್ತು ಅಡಿಗೆಮನೇಲಿ ಒಂದು ಮಾತು ಹೇಳಿದ್ದಿರಿ. ಯಾವುದಾದರೂ ಸರಿ, ತಡ್ಕೋತೀನಿ ಅಂತ."

"ಹೂಂ."

"ಈಗಲೂ ಹಾಗೇನಾ?"

ಅತ್ತ ಯಾರೋ ಯಾರದೋ ಹೆಸರನ್ನು ಕೂಗಿ ಕರೆಯುತ್ತಿದ್ದರು.

"ಹಾಗೇ," ಅಂದಳು ಅತ್ತಿಗೆ.

ಸಮನ್ಸಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಸಮನ್ಸನ್ನು ಬಿಡಿಸಿದಳು. ಅಣ್ಣ ಎರಡು ಹೆಜ್ಜೆ ಮುಂದೆ ಬಂದ. ಅವಳ ಮಣಿಕಟ್ಟು ಹಿಡಿದ. ಕೊಟ್ಟಿಗೆಯ ಬಾಗಿಲು ಮುರಿದು ಎಳೆದುಕೊಂಡ ಅದೇ ಕೈ. ಅವಳು ಬಿಡಿಸಿಕೊಳ್ಳಲಿಲ್ಲ, ಅವನನ್ನು ನೋಡಿದಳು ಅಷ್ಟೆ. ನೋಡುತ್ತ ನೋಡುತ್ತ ಅವನ ಬೆರಳುಗಳು ಒಂದೊಂದಾಗಿ ಸಡಿಲವಾದವು.

ಮೇಷ್ಟ್ರು ಅಂಗೈ ಚಾಚಿದರು. ಅವಳು ಅದರ ಮೇಲೆ ಸಮನ್ಸನ್ನು ಇಟ್ಟಳು. ಅವರು ಇನ್ನೂ ಚೂಪಾಗಿದ್ದ ಪೆನ್ಸಿಲ್ಲನ್ನು ಕೆಳಗಿಟ್ಟು, ಅವಳ ಪೆನ್ನು ಇಸಿದುಕೊಂಡು, ತೊಡೆಯ ಮೇಲಿಟ್ಟು ರುಜು ಹಾಕಿದರು. ಆಮೇಲೆ ಬೆನ್ನು ಹಿಡಿದುಕೊಂಡು ಎದ್ದು ನಿಂತರು, ಕೋರ್ಟಿಗೆ ಹೊರಟವರ ಹಾಗೆ.

"ಕೊಟ್ಟೆ ಅತ್ತಿಗೆ," ಅಂದಳು ಸಮನ್ಸಕ್ಕ. "ಕೈಗೇ ಕೊಟ್ಟೆ. ಕರ್ಕೊಂಡು ಬರ್ತಿದೀನಿ."

ಅತ್ತಿಗೆ ಕೂಗಲಿಲ್ಲ, ಕುಣಿಯಲಿಲ್ಲ. ಒಂದು ಉದ್ದನೆಯ ಉಸಿರು ಕೇಳಿಸಿತು.

"ಹಾಗಾದರೆ ನಿಮ್ಮ ಅಣ್ಣನನ್ನ ಒಂದು ಕುರ್ಚೀಲಿ ಕೂರಿಸು," ಅಂದಳು. "ಅವರಿಗೆ ನಿಲ್ಲೋಕೆ ಆಗ್ತಿರಲ್ಲ."

ತಾನು ಗೋದಾಮಿನಲ್ಲಿದ್ದೇನೆಂದು ಸಮನ್ಸಕ್ಕ ಯಾರಿಗೂ ಹೇಳಿರಲಿಲ್ಲ. ಅಣ್ಣ ಎದುರಿಗಿದ್ದಾನೆಂದೂ ಹೇಳಿರಲಿಲ್ಲ. ಬಚ್ಚಿಟ್ಟವನು ಯಾರೆಂದು ಅತ್ತಿಗೆಗೆ ಎಂದೋ ಗೊತ್ತಾಗಿತ್ತು.